ದಸ್ತಗಿರಿ: ಸ್ಪರ್ಶ, ಮರ್ಯಾದೆ ಮತ್ತು ಪೊಲೀಸ್ ಅಧಿಕಾರದ ಚರಿತ್ರೆ

ಕನ್ನಡದಲ್ಲಿ ಬಂಧನವನ್ನು ಸೂಚಿಸುವ ಪದಗಳಲ್ಲಿ ‘ದಸ್ತಗಿರಿ’ ಎಂಬುದು ಆಡಳಿತದ ಬರವಣಿಗೆಯಲ್ಲಿಯೂ ಜನರ ಮಾತಿನಲ್ಲಿಯೂ ಬಹುಕಾಲದಿಂದ ಬಳಕೆಯಲ್ಲಿದೆ. ಪಾರಸಿ ಭಾಷೆಯಲ್ಲಿ ‘ದಸ್ತ್’ ಎಂದರೆ ಕೈ, ‘ಗೀರ್’ ಎಂದರೆ ಹಿಡಿಯುವವನು. ಕೈ ಹಿಡಿಯುವುದೇ ದಸ್ತಗಿರಿ. ಗಮನಾರ್ಹವಾದ ಸಂಗತಿಯೆಂದರೆ, ಇದೇ ಪದಕ್ಕೆ ಕಷ್ಟದಲ್ಲಿರುವವನ ಕೈ ಹಿಡಿದು ಕಾಪಾಡುವವನು ಎಂಬ ಅರ್ಥವೂ ಇದೆ. ಸೂಫಿ ಸಂತ ಅಬ್ದುಲ್ ಖಾದಿರ್ ಜೀಲಾನಿಯವರನ್ನು ಭಕ್ತರು ‘ಪೀರ್ ದಸ್ತಗೀರ್’ ಎಂದು ಕರೆಯುವುದು ಈ ಅರ್ಥದಲ್ಲಿ. ಕರ್ನಾಟಕದ ಹಳ್ಳಿಗಳಲ್ಲಿ ದಸ್ತಗೀರ ಎಂಬ ಹೆಸರಿನ ವ್ಯಕ್ತಿಗಳು ಇರುವುದೂ ಇದೇ ಕಾರಣದಿಂದ. ಒಂದೇ ಕ್ರಿಯೆ ಒಂದೆಡೆ ರಕ್ಷಣೆ, ಇನ್ನೊಂದೆಡೆ ಸೆರೆ. ಕನ್ನಡದ ಸ್ವಂತ ನುಡಿಗಟ್ಟುಗಳಲ್ಲಿಯೂ ಈ ಇಬ್ಬಗೆಯಿದೆ. ‘ಕೈ ಹಿಡಿ’ ಎಂದರೆ ವರಿಸು, ಆಸರೆಯಾಗು. ‘ಕೈ ಮಾಡು’ ಎಂದರೆ ಹೊಡೆ. ‘ಮೈಮೇಲೆ ಕೈ ಹಾಕು’ ಎಂದರೆ ಮಾನಕ್ಕೆ ಕೈ ಹಾಕಿದಂತೆ. ಕೈಸೆರೆ, ಕೈಕೋಳ, ಮುಟ್ಟುಗೋಲು ಮುಂತಾದ ಪದಗಳು ಅಧಿಕಾರಕ್ಕೂ ಸ್ಪರ್ಶಕ್ಕೂ ಇರುವ ನಂಟನ್ನು ಸೂಚಿಸುತ್ತವೆ.

ಪೊಲೀಸ್ ವ್ಯವಸ್ಥೆಯ ಚರಿತ್ರೆಯನ್ನು ಸಾಮಾನ್ಯವಾಗಿ ಕಾಯಿದೆಗಳು, ಹುದ್ದೆಗಳು ಮತ್ತು ದಂಗೆಗಳ ಚರಿತ್ರೆಯಾಗಿ ಬರೆಯಲಾಗಿದೆ. ಆದರೆ ಪ್ರಜೆಯೊಬ್ಬನು ರಾಜ್ಯಶಕ್ತಿಯನ್ನು ಅತ್ಯಂತ ನೇರವಾಗಿ ಅನುಭವಿಸುವುದು ಪೊಲೀಸನೊಬ್ಬನು ಅವನ ಮೈಮುಟ್ಟಿದಾಗ. ಆ ಸ್ಪರ್ಶದ ಅರ್ಥ ಎಲ್ಲ ಸಮಾಜಗಳಲ್ಲಿಯೂ ಒಂದೇ ಆಗಿರುವುದಿಲ್ಲ. ಯಾರು ಯಾರನ್ನು, ಎಲ್ಲಿ, ಯಾವ ಸಂದರ್ಭದಲ್ಲಿ ಮುಟ್ಟಬಹುದು ಎಂಬುದನ್ನು ಆಯಾ ಸಂಸ್ಕೃತಿ ಮೊದಲೇ ನಿರ್ಧರಿಸಿರುತ್ತದೆ; ಕಾನೂನು ಅನಂತರ ಬಂದು ಅದರ ಮೇಲೆ ತನ್ನ ನಿಯಮವನ್ನು ಹೇರುತ್ತದೆ. ಬಂಧನದ ಕಾನೂನಿನಲ್ಲಿ ಸ್ಪರ್ಶದ ಕಲ್ಪನೆ ಇಂಗ್ಲೆಂಡಿನಿಂದ ಭಾರತಕ್ಕೆ ಬಂದು, ಜಾತಿ, ಲಿಂಗ ಮತ್ತು ಅಂತಸ್ತಿನ ಸಮಾಜದಲ್ಲಿ ಯಾವ ರೂಪ ತಾಳಿತು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಬೆರಳಿನ ತುದಿಯ ಕಾನೂನು

ಇಂಗ್ಲೆಂಡಿನ ಸಾಮಾನ್ಯ ಕಾನೂನಿನಲ್ಲಿ ಬಂಧನವೆಂದರೆ ಮೂಲತಃ ಒಂದು ಸ್ಪರ್ಶ. 1605ರಲ್ಲಿ ಸ್ಟಾರ್ ಚೇಂಬರ್ ನ್ಯಾಯಾಲಯದ ಮುಂದೆ ಬಂದ ರಟ್ಲೆಂಡ್ ಕೌಂಟೆಸ್ ಪ್ರಕರಣ ಇದಕ್ಕೆ ಪ್ರಸಿದ್ಧ ನಿದರ್ಶನವಾಗಿದೆ. ಸಾಲದ ವ್ಯಾಜ್ಯವೊಂದರಲ್ಲಿ ದಂಡಧಾರಿ ಸಿಬ್ಬಂದಿ ಆಕೆಯ ಬಂಡಿಯ ಬಳಿಗೆ ಬಂದು, ತಮ್ಮ ಅಧಿಕಾರದ ದಂಡವನ್ನು ತೋರಿಸಿ, ಅದನ್ನು ಆಕೆಯ ಮೈಗೆ ತಾಗಿಸಿ ಬಂಧನವನ್ನು ಘೋಷಿಸಿದರು. ಇಲ್ಲಿ ತಾಗಿದ್ದು ಕೈಯಲ್ಲ, ರಾಜಲಾಂಛನವಾದ ದಂಡ. ಆದರೂ ಅದು ಬಂಧನವೆನಿಸಿತು. ಈ ಪ್ರಕರಣಕ್ಕೆ ಇನ್ನೊಂದು ಮುಖವೂ ಇದೆ. ಸಾಲಕ್ಕಾಗಿ ಕುಲೀನ ವರ್ಗದವರ ದೇಹವನ್ನು ಬಂಧಿಸುವಂತಿಲ್ಲ ಎಂಬುದು ಅಂದಿನ ನಿಯಮವಾಗಿತ್ತು. ಹಾಗಾಗಿ ಆ ಸ್ಪರ್ಶ ಬಂಧನವೇನೋ ಹೌದು, ಆದರೆ ಮುಟ್ಟಬಾರದವರನ್ನು ಮುಟ್ಟಿದ ತಪ್ಪೂ ಆಗಿತ್ತು.

ಸುಮಾರು ಒಂದು ಶತಮಾನದ ನಂತರ, 1704ರ ಜೆನ್ನರ್ ಮತ್ತು ಸ್ಪಾರ್ಕ್ಸ್ ಪ್ರಕರಣದಲ್ಲಿ ಈ ತತ್ತ್ವ ಇನ್ನಷ್ಟು ಸ್ಪಷ್ಟವಾಯಿತು. ವಾರಂಟು ಹಿಡಿದು ಬಂದ ಅಮೀನನು ಅಂಗಳದಲ್ಲಿ ದೂರ ನಿಂತು, ತಾನು ಬಂಧಿಸಿರುವುದಾಗಿ ಸಾರಿದನು. ಎದುರಿಗಿದ್ದವನು ಕೈಯಲ್ಲಿದ್ದ ಕವೆಗೋಲನ್ನು ಮುಂದೆ ಹಿಡಿದು, ಅಮೀನನು ಮುಟ್ಟದಂತೆ ತಡೆದು, ಹಿಂದೆ ಸರಿಯುತ್ತ ಮನೆಯೊಳಗೆ ಸೇರಿಕೊಂಡನು. ಬಂಧನ ಆಗಿಯೇ ಇಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತು. ಬೆರಳಿನ ತುದಿಯಾದರೂ ಅವನಿಗೆ ಸೋಕಿದ್ದರೆ ಅದು ಬಂಧನವಾಗುತ್ತಿತ್ತು ಎಂಬುದು ನ್ಯಾಯಾಲಯದ ಅಭಿಪ್ರಾಯವಾಗಿತ್ತು. ಮಾತೊಂದೇ ಸಾಲದು, ದೇಹಕ್ಕೆ ದೇಹ ತಾಗಬೇಕು. ಆದರೆ ಬಲಪ್ರಯೋಗ ಬೇಕಿಲ್ಲ, ಬೆರಳಿನ ತುದಿ ಸಾಕು. ಇಂಗ್ಲೆಂಡಿನ ದೃಷ್ಟಿಯಲ್ಲಿ ಇದು ಬಹುಮಟ್ಟಿಗೆ ಒಂದು ವಿಧಿ, ಅಧಿಕಾರ ಕೈಬದಲಾದುದರ ಗುರುತು.

ಗೆರೆಯ ಕಟ್ಟು

ದಕ್ಷಿಣ ಭಾರತದ ಕರಾವಳಿಗೆ ಬಂದ ಇಬ್ಬರು ಪ್ರವಾಸಿಗರು ಇದಕ್ಕೆ ತೀರ ಭಿನ್ನವಾದ ಪದ್ಧತಿಯೊಂದನ್ನು ದಾಖಲಿಸಿದ್ದಾರೆ. ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಮಾರ್ಕೊ ಪೋಲೊ ಮಾಬಾರ್ ಎಂದು ಕರೆದ ಕೋರಮಂಡಲ ತೀರದಲ್ಲಿ, ಮತ್ತೆ ಮತ್ತೆ ಬೇಡಿದರೂ ಸಾಲ ತೀರಿಸದವನ ಸುತ್ತ ಸಾಲಕೊಟ್ಟವನು ನೆಲದ ಮೇಲೆ ಒಂದು ವೃತ್ತವನ್ನು ಗೀಚುತ್ತಿದ್ದನು. ಸಾಲ ತೀರಿಸದೆ ಅಥವಾ ಒಪ್ಪಿಗೆಯಾಗುವ ಭರವಸೆ ಕೊಡದೆ ಆ ಗೆರೆಯನ್ನು ದಾಟುವಂತಿರಲಿಲ್ಲ. ದಾಟಿದವನಿಗೆ ಮರಣದಂಡನೆ ಕಾದಿತ್ತು. ಬಾಕಿ ಕೊಡಲು ವಿಳಂಬ ಮಾಡುತ್ತಿದ್ದ ಅರಸನ ಕುದುರೆಯ ಸುತ್ತಲೇ ಪರದೇಶದ ವರ್ತಕನೊಬ್ಬನು ಗೆರೆ ಎಳೆದುದನ್ನೂ, ಅರಸನು ವರ್ತಕನಿಗೆ ಸಮಾಧಾನವಾಗುವವರೆಗೆ ಅಲ್ಲಿಂದ ಕದಲದೆ ನಿಂತುದನ್ನೂ ಅವನು ತಿಳಿಸಿದ್ದಾನೆ. 1510ರಲ್ಲಿ ರೋಮಿನಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಲುಡೊವಿಕೊ ವರ್ತೇಮಾ ಕಲ್ಲಿಕೋಟೆಯ ಬಗ್ಗೆ ಬರೆಯುತ್ತ ಇದನ್ನು ಹೋಲುವ ಪದ್ಧತಿಯನ್ನು ವರ್ಣಿಸಿದ್ದಾನೆ. ಅಲ್ಲಿ ಗೆರೆ ಎಳೆಯುವುದು ಹಸಿರು ಕೊಂಬೆಯಿಂದ, ಆಣೆ ಇಡುವುದು ಬ್ರಾಹ್ಮಣ ಮುಖ್ಯನ ಮತ್ತು ಅರಸನ ಹೆಸರಿನಲ್ಲಿ.

ಇವು ಪರದೇಶೀಯರ ಕಣ್ಣಿಗೆ ಕಂಡ ಚಿತ್ರಗಳು. ಸಾಲದ ವ್ಯವಹಾರಕ್ಕೆ ಸಂಬಂಧಿಸಿದವು, ಅಪರಾಧಕ್ಕಲ್ಲ. ತಮಿಳು ಮತ್ತು ಕೇರಳ ಕರಾವಳಿಯ ಈ ವಿವರಗಳನ್ನು ಇಡೀ ದಕ್ಷಿಣಕ್ಕೆ ಅನ್ವಯಿಸುವುದೂ ಸರಿಯಲ್ಲ. ಆದರೂ ಇವುಗಳಲ್ಲಿ ಒಂದು ತತ್ತ್ವ ವ್ಯಕ್ತವಾಗಿದೆ. ಇಲ್ಲಿ ವ್ಯಕ್ತಿಯನ್ನು ಮುಟ್ಟದೆಯೇ ಕಟ್ಟಿಹಾಕಲಾಗುತ್ತಿತ್ತು. ಸ್ಪರ್ಶವು ಮಡಿ ಮೈಲಿಗೆಗಳ ಭಾರ ಹೊತ್ತಿದ್ದ ಸಮಾಜದಲ್ಲಿ ಗೆರೆ, ಕೊಂಬೆ, ಆಣೆಗಳು ಕೈಯ ಕೆಲಸವನ್ನು ಮಾಡುತ್ತಿದ್ದವು. ಇಂಗ್ಲೆಂಡಿನ ಕವೆಗೋಲಿನವನು ಅಮೀನನ ಮಾತನ್ನು ಲೆಕ್ಕಿಸದೆ ಮನೆ ಸೇರಿದನು. ಮಾಬಾರಿನ ಅರಸನಿಗೆ ಮಾತು ಮತ್ತು ಗೆರೆಗಳೇ ಸಾಕಾದವು.

ಕನ್ನಡನಾಡಿನ ಗ್ರಾಮವ್ಯವಸ್ಥೆಯಲ್ಲಿ ಕಾವಲಿನ ಹೊಣೆ ತಳವಾರ, ತೋಟಿ ಮೊದಲಾದ ಆಯಗಾರರ ಮೇಲಿತ್ತು. ಕಳವಾದರೆ ಕಳ್ಳನ ಹೆಜ್ಜೆಯ ಜಾಡು ಹಿಡಿದು ಊರ ಗಡಿಯವರೆಗೆ ಸಾಗುವುದು, ಪಕ್ಕದ ಊರಿನ ಕಾವಲುಗಾರನಿಗೆ ಆ ಜಾಡನ್ನು ಒಪ್ಪಿಸುವುದು, ಇಲ್ಲವಾದರೆ ನಷ್ಟಕ್ಕೆ ತಾನೇ ಹೊಣೆಯಾಗುವುದು ಇಂತಹ ಕಾವಲು ಪದ್ಧತಿಯ ಲಕ್ಷಣವಾಗಿತ್ತು. ಕಾವಲುಗಾರರಲ್ಲಿ ಅನೇಕರು ಸಮಾಜವು ಮುಟ್ಟಲೊಲ್ಲದ ಅಥವಾ ಕೀಳೆಂದು ಕಂಡ ಸಮುದಾಯಗಳಿಗೆ ಸೇರಿದವರು. ಊರಿನ ಸೊತ್ತನ್ನು ಕಾಯುವವನು ಊರಿನ ದೊಡ್ಡವರ ಮೈಮುಟ್ಟುವಂತಿರಲಿಲ್ಲ. ಅವನ ಕೈಯಲ್ಲಿದ್ದ ಕೋಲು ಅಧಿಕಾರದ ಗುರುತಾಗಿದ್ದಂತೆಯೇ ಅಂತರದ ಗುರುತೂ ಆಗಿತ್ತೆಂದು ಭಾವಿಸಲು ಅವಕಾಶವಿದೆ.

ಕಂಪನಿಯ ಆಡಳಿತ ಮತ್ತು ಶ್ರೇಣೀಕೃತ ದೇಹ

ಈಸ್ಟ್ ಇಂಡಿಯಾ ಕಂಪನಿಯ ಆಡಳಿತವು ಈ ಸಾಮಾಜಿಕ ಶ್ರೇಣಿಯನ್ನು ಅಳಿಸಲಿಲ್ಲ. ಕೆಲವೆಡೆ ಅದನ್ನು ಶಾಸನದೊಳಕ್ಕೆ ತಂದಿತು. ಮದರಾಸು ಪ್ರಾಂತದ 1816ರ 11ನೆಯ ರೆಗ್ಯುಲೇಷನ್ ಗ್ರಾಮದ ಮುಖ್ಯಸ್ಥರಿಗೆ ಸಣ್ಣಪುಟ್ಟ ಬೈಗುಳ, ಹೊಡೆದಾಟಗಳ ವಿಚಾರಣೆಯ ಅಧಿಕಾರವನ್ನು ನೀಡಿತು. ಅದರಂತೆ ಸಾಮಾನ್ಯ ತಪ್ಪಿತಸ್ಥರನ್ನು ಚಾವಡಿಯಲ್ಲಿ ಕೆಲವು ಗಂಟೆಗಳ ಕಾಲ ಕೂಡಿಹಾಕಬಹುದಾಗಿತ್ತು. ಆದರೆ ತಪ್ಪಿತಸ್ಥನು ಕೆಳಜಾತಿಯವನಾಗಿದ್ದು ಅಂತಹ ಅವಮಾನಕರ ಶಿಕ್ಷೆ ಅವನಿಗೆ ಅನುಚಿತವಲ್ಲವೆಂದು ತೋರಿದರೆ, ಆರು ಗಂಟೆಗಳವರೆಗೆ ಅವನ ಕಾಲುಗಳನ್ನು ಮರದ ಕೋಳಕ್ಕೆ ಸಿಕ್ಕಿಸಿ ಕೂರಿಸಲು ಅವಕಾಶವಿತ್ತು. ಬಳ್ಳಾರಿ ಮತ್ತು ಕೆನರಾ ಜಿಲ್ಲೆಗಳು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಈ ನಿಯಮ ಕನ್ನಡಿಗರಿಗೂ ಸಂಬಂಧಿಸಿದ್ದಾಗಿತ್ತು. ತಪ್ಪು ಒಂದೇ, ದೇಹ ಬೇರೆಯಾದರೆ ಶಿಕ್ಷೆಯ ಸ್ವರೂಪ ಬೇರೆ ಎಂಬುದನ್ನು ಶಾಸನವೇ ಸಾರಿತು. ಅವಮಾನವನ್ನು ಅನುಭವಿಸುವ ಸಾಮರ್ಥ್ಯ ಕೆಲವು ದೇಹಗಳಿಗೆ ಮಾತ್ರ ಇದೆ ಎಂಬ ನಂಬಿಕೆ ಇದರ ಹಿಂದಿತ್ತು.

ನಾಲ್ಕು ದಶಕಗಳ ನಂತರ ಇದರ ಇನ್ನೊಂದು ಮುಖ ಹೊರಬಿತ್ತು. ಕಂದಾಯ ವಸೂಲಿಗಾಗಿ ಚಿತ್ರಹಿಂಸೆ ನಡೆಯುತ್ತಿದೆ ಎಂಬ ಆರೋಪ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಕೇಳಿಬಂದ ಮೇಲೆ ಮದರಾಸಿನಲ್ಲಿ ವಿಚಾರಣಾ ಆಯೋಗವೊಂದು ನೇಮಕಗೊಂಡು 1855ರಲ್ಲಿ ವರದಿ ಸಲ್ಲಿಸಿತು. ಬೆರಳುಗಳನ್ನು ಮರದ ತುಂಡುಗಳ ನಡುವೆ ಇಟ್ಟು ಅದುಮುವ ‘ಕಿಟ್ಟಿ’, ಕುತ್ತಿಗೆಯಿಂದ ಕಾಲ್ಬೆರಳಿಗೆ ಹಗ್ಗವನ್ನೋ ಅವನದೇ ವಸ್ತ್ರವನ್ನೋ ಬಿಗಿದು ಬಾಗಿ ನಿಲ್ಲಿಸುವ ಶಿಕ್ಷೆ ಮುಂತಾದವು ಅದರಲ್ಲಿ ದಾಖಲಾದವು. ಕಂದಾಯ ವಸೂಲಿ ಮತ್ತು ಪೊಲೀಸ್ ಅಧಿಕಾರ ಒಂದೇ ಕೈಯಲ್ಲಿದ್ದುದು ಈ ಅನಾಚಾರಕ್ಕೆ ಮುಖ್ಯ ಕಾರಣವೆಂದು ಕಂಡುಬಂದಿತು. ಆಯೋಗವು ದೋಷವನ್ನು ಬಹುಮಟ್ಟಿಗೆ ದೇಶೀಯ ಸಿಬ್ಬಂದಿಯ ಮೇಲೆ ಹೊರಿಸಿತು; ತೆರಿಗೆಯ ಗುರಿಯನ್ನು ನಿಗದಿಪಡಿಸಿದ ಕಂಪನಿಯ ಹೊಣೆ ಹಿನ್ನೆಲೆಗೆ ಸರಿಯಿತು. ಇದರ ಪರಿಣಾಮವಾಗಿ 1859ರಲ್ಲಿ ಮದರಾಸು ಪ್ರಾಂತಕ್ಕೂ, 1861ರಲ್ಲಿ ಬ್ರಿಟಿಷ್ ಭಾರತದ ಬಹುಭಾಗಕ್ಕೂ ಪೊಲೀಸ್ ಕಾಯಿದೆಗಳು ಬಂದವು. ಸಮವಸ್ತ್ರ, ದರ್ಜೆ, ಕವಾಯತುಗಳುಳ್ಳ ಪ್ರತ್ಯೇಕ ಪೊಲೀಸ್ ಪಡೆ ರೂಪುಗೊಂಡಿತು.

ಮುಟ್ಟುವ ಕೈ ಯಾರದು?

ಈ ಹಿನ್ನೆಲೆಯಲ್ಲಿ 1898ರ ದಂಡ ಪ್ರಕ್ರಿಯಾ ಸಂಹಿತೆಯ 46ನೆಯ ಕಲಮನ್ನು ಓದಬೇಕು. ಬಂಧಿಸುವ ಅಧಿಕಾರಿಯು ಬಂಧಿತನಾಗಬೇಕಾದ ವ್ಯಕ್ತಿಯ ದೇಹವನ್ನು ವಾಸ್ತವವಾಗಿ ಮುಟ್ಟತಕ್ಕದ್ದು ಅಥವಾ ನಿರ್ಬಂಧಿಸತಕ್ಕದ್ದು. ಆ ವ್ಯಕ್ತಿ ಮಾತಿನಿಂದ ಅಥವಾ ನಡೆಯಿಂದ ತಾನೇ ಶರಣಾದರೆ ಮುಟ್ಟುವ ಅಗತ್ಯವಿಲ್ಲ ಎಂಬುದು ಅದರ ಸಾರ. ಇದೇ ನಿಯಮ 1973ರ ಸಂಹಿತೆಯಲ್ಲಿ ಅದೇ ಸಂಖ್ಯೆಯಡಿ ಮುಂದುವರಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೆಯ ಕಲಮಿನಲ್ಲಿ ಈಗಲೂ ಇದೆ. ಜೆನ್ನರ್ ಪ್ರಕರಣದ ಬೆರಳಿನ ತುದಿ ಹೀಗೆ ಭಾರತದ ಶಾಸನದಲ್ಲಿ ನೆಲೆಯೂರಿತು.

ಆದರೆ ಇಂಗ್ಲೆಂಡಿನಲ್ಲಿ ವಿಧಿಯೆನಿಸಿದ್ದ ಸ್ಪರ್ಶ ಇಲ್ಲಿ ಬರಿಯ ವಿಧಿಯಾಗಿ ಉಳಿಯುವುದು ಸಾಧ್ಯವಿರಲಿಲ್ಲ. ಮುಟ್ಟುವ ಕೈ ಯಾವ ಜಾತಿಯದು ಎಂಬ ಪ್ರಶ್ನೆ ಪೊಲೀಸ್ ನೇಮಕಾತಿಯಲ್ಲಿಯೇ ಎದುರಾಯಿತು. ಅಸ್ಪೃಶ್ಯರೆನಿಸಿದವರಿಗೆ ಹಲವೆಡೆ ಪಡೆಯ ಬಾಗಿಲು ಮುಚ್ಚಿತ್ತು. 1928ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಬಿ.ಆರ್. ಅಂಬೇಡ್ಕರ್ ಅವರು ಸೈಮನ್ ಆಯೋಗಕ್ಕೆ ಸಲ್ಲಿಸಿದ ಹೇಳಿಕೆಯಲ್ಲಿ ಸೇನೆ, ನೌಕಾದಳಗಳ ಜೊತೆಗೆ ಪೊಲೀಸ್ ಪಡೆಯಲ್ಲಿಯೂ ಶೋಷಿತ ವರ್ಗಗಳ ನೇಮಕಾತಿಯ ಹಕ್ಕನ್ನು ಮುಂದಿಟ್ಟರು. ಈ ಬೇಡಿಕೆಯನ್ನು ಕೇವಲ ಉದ್ಯೋಗದ ಬೇಡಿಕೆಯೆಂದು ಪರಿಗಣಿಸಲಾಗದು. ರಾಜ್ಯದ ಪರವಾಗಿ ಯಾರನ್ನಾದರೂ ಮುಟ್ಟುವ ಅಧಿಕಾರವನ್ನು ಅಸ್ಪೃಶ್ಯನಿಗೆ ನೀಡುವುದೆಂದರೆ ಅಸ್ಪೃಶ್ಯತೆಯ ಬುಡಕ್ಕೇ ಕೊಡಲಿ ಹಾಕಿದಂತೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರ ಕಾಯಿದೆ ಅದರ ಆಚರಣೆಯನ್ನು ಶಿಕ್ಷಾರ್ಹಗೊಳಿಸಿತು. ಮುಟ್ಟದಿರುವುದೂ ಅಪರಾಧವಾಗಬಲ್ಲದು ಎಂಬ ಹೊಸ ತತ್ತ್ವ ಹೀಗೆ ಭಾರತದ ಕಾನೂನಿಗೆ ಬಂದಿತು.

ಇನ್ನೊಂದು ಬದಿಯಲ್ಲಿ, ಯಾವ ಅಡೆತಡೆಯೂ ಇಲ್ಲದೆ ಪೊಲೀಸರ ಕೈಗೆ ಒಳಪಟ್ಟ ಸಮುದಾಯಗಳಿದ್ದವು. ಉತ್ತರ ಭಾರತದಲ್ಲಿ 1871ರಲ್ಲಿ ಆರಂಭವಾದ ಅಪರಾಧಿ ಬುಡಕಟ್ಟುಗಳ ಕಾಯಿದೆ, 1911ರ ಹೊಸ ರೂಪದಲ್ಲಿ ಮುಂಬಯಿ ಮತ್ತು ಮದರಾಸು ಪ್ರಾಂತಗಳನ್ನೂ ಆವರಿಸಿತು. ನೋಂದಾಯಿತರ ಬೆರಳಚ್ಚು ತೆಗೆದುಕೊಳ್ಳಲು ಅದು ಅಧಿಕಾರ ನೀಡಿತು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಗುತ್ತಿಗೆದಾರನೊಬ್ಬನ ಅಂಗೈಯ ಮುದ್ರೆಯನ್ನು ಕರಾರುಪತ್ರದ ಮೇಲೆ ಪಡೆದಾಗ ಅದು ಮಾತಿಗೆ ತಪ್ಪದಂತೆ ಮಾಡಿದ ಉಪಾಯವಾಗಿತ್ತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಸ್ಥಾಪನೆಯಾದ ಮೇಲೆ ಅದು ಅಪರಾಧಿಯನ್ನು ಗುರುತಿಸುವ ಶಾಸ್ತ್ರವಾಯಿತು. ಈ ಶಾಸ್ತ್ರದ ವರ್ಗೀಕರಣವನ್ನು ರೂಪಿಸಿದವರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಪ್ರಮುಖರು. ಅದೇ ಶಾಸ್ತ್ರ ಇಡೀ ಸಮುದಾಯಗಳ ಮೇಲೆ ಪ್ರಯೋಗವಾದಾಗ, ಅಪರಾಧ ಮಾಡದವನ ಕೈಯನ್ನೂ ಪೊಲೀಸನು ಹಿಡಿದು ಮಸಿಗೆ ಒತ್ತುವಂತಾಯಿತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಬಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಇಂತಹ ಸಮುದಾಯಗಳಿಗಾಗಿ ತಂತಿಬೇಲಿಯ ವಸಾಹತುಗಳು ಸ್ಥಾಪನೆಯಾದವು. ಹಾಜರಿ, ಪರವಾನಗಿಗಳು ಅಲ್ಲಿನ ದಿನಚರಿಯ ಭಾಗವಾದವು. 1952ರಲ್ಲಿ ಕೇಂದ್ರ ಸರ್ಕಾರ ಕಾಯಿದೆಯನ್ನು ರದ್ದುಪಡಿಸಿತಾದರೂ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಜನರ ನಾಲಗೆಯಲ್ಲಿ ಉಳಿದುಕೊಂಡಿತು.

ಸ್ತ್ರೀಯರ ಬಂಧನ

ಸ್ಪರ್ಶದ ಸಾಂಸ್ಕೃತಿಕ ಅರ್ಥವನ್ನು ವಸಾಹತು ಕಾನೂನು ನೇರವಾಗಿ ಒಪ್ಪಿಕೊಂಡದ್ದು ಸ್ತ್ರೀಯರ ವಿಷಯದಲ್ಲಿ. 1898ರ ಸಂಹಿತೆಯು ಹೆಂಗಸಿನ ಮೈಶೋಧವನ್ನು ಮತ್ತೊಬ್ಬ ಹೆಂಗಸೇ ಸಭ್ಯತೆಗೆ ಭಂಗ ಬಾರದಂತೆ ನಡೆಸಬೇಕೆಂದು ವಿಧಿಸಿತು. ರೂಢಿಯಂತೆ ಹೊರಗೆ ಕಾಣಿಸಿಕೊಳ್ಳದ ಸ್ತ್ರೀಯರು ಇರುವ ಕೋಣೆಯನ್ನು ಪೊಲೀಸರು ಪ್ರವೇಶಿಸಬೇಕಾದಾಗ, ಅವರು ಅಲ್ಲಿಂದ ಸರಿದುಹೋಗಲು ಅವಕಾಶ ಕೊಡಬೇಕೆಂದೂ ಹೇಳಿತು. ಆದರೆ ಆಗ ಪೊಲೀಸ್ ಪಡೆಯಲ್ಲಿ ಹೆಂಗಸರೇ ಇರಲಿಲ್ಲ. 1933ರಲ್ಲಿ ತಿರುವಾಂಕೂರು ಸಂಸ್ಥಾನದಲ್ಲಿ ಮಹಿಳಾ ಪೊಲೀಸರ ನೇಮಕ ನಡೆದದ್ದು ಈ ದಿಕ್ಕಿನ ಮೊದಲ ಹೆಜ್ಜೆಗಳಲ್ಲೊಂದು. 1973ರಲ್ಲಿ ಕಲ್ಲಿಕೋಟೆಯಲ್ಲಿ ದೇಶದ ಮೊದಲ ಮಹಿಳಾ ಪೊಲೀಸ್ ಠಾಣೆ ಆರಂಭವಾಯಿತು.

ಶಾಸನದಲ್ಲಿದ್ದ ಮರ್ಯಾದೆ ಠಾಣೆಯ ಒಳಗೆ ಎಲ್ಲರಿಗೂ ದೊರೆಯಲಿಲ್ಲ. 1972ರಲ್ಲಿ ಮಹಾರಾಷ್ಟ್ರದ ಠಾಣೆಯೊಂದರಲ್ಲಿ ಆದಿವಾಸಿ ಬಾಲೆಯೊಬ್ಬಳ ಮೇಲೆ ಪೊಲೀಸರು ಅತ್ಯಾಚಾರವೆಸಗಿದರೆಂಬ ಪ್ರಕರಣದಲ್ಲಿ, ಮೈಮೇಲೆ ಗಾಯಗಳಿಲ್ಲದ ಕಾರಣ ಪ್ರತಿರೋಧವಿರಲಿಲ್ಲವೆಂದು ತರ್ಕಿಸಿ ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಆರೋಪಿಗಳನ್ನು ಬಿಡುಗಡೆ ಮಾಡಿತು. ಈ ತೀರ್ಪಿನ ವಿರುದ್ಧ ನಾಲ್ವರು ಕಾನೂನು ಪ್ರಾಧ್ಯಾಪಕರು ಬರೆದ ಬಹಿರಂಗ ಪತ್ರವೂ ದೇಶವ್ಯಾಪಿ ಚಳವಳಿಯೂ ಸೇರಿ 1983ರ ತಿದ್ದುಪಡಿಗೆ ಕಾರಣವಾದವು. ಪೊಲೀಸರ ವಶದಲ್ಲಿ ನಡೆದ ಅತ್ಯಾಚಾರ ಪ್ರತ್ಯೇಕವಾದ ಗುರುತರ ಅಪರಾಧವೆನಿಸಿತು. ಅಂತಹ ಪ್ರಕರಣಗಳಲ್ಲಿ ಒಪ್ಪಿಗೆ ಇರಲಿಲ್ಲವೆಂದು ಸ್ತ್ರೀ ಹೇಳಿದರೆ ನ್ಯಾಯಾಲಯ ಹಾಗೆಯೇ ಭಾವಿಸಬೇಕೆಂಬ ನಿಯಮವೂ ಬಂದಿತು. ಅಧಿಕಾರದ ಎದುರಿನ ಮೌನವನ್ನು ಸಮ್ಮತಿಯೆಂದು ಓದಲಾಗದು ಎಂಬುದು ಇದರ ತಿರುಳು.

ಮುಂದಿನ ತಿದ್ದುಪಡಿಗಳು ನೇರವಾಗಿ 46ನೆಯ ಕಲಮಿಗೇ ಬಂದವು. 2005ರ ತಿದ್ದುಪಡಿಯು, ಅಸಾಧಾರಣ ಸಂದರ್ಭಗಳನ್ನು ಬಿಟ್ಟು, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಸ್ತ್ರೀಯರನ್ನು ಬಂಧಿಸುವುದನ್ನು ನಿಷೇಧಿಸಿತು. ಅಸಾಧಾರಣ ಸಂದರ್ಭದಲ್ಲಿಯೂ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕೆಂದು ವಿಧಿಸಿತು. 2009ರ 5ನೆಯ ಕಾಯಿದೆಯ ಮೂಲಕ ಬಂದ ತಿದ್ದುಪಡಿ ಇನ್ನೂ ಮುಖ್ಯವಾದುದು. ಬಂಧನದ ವಿಷಯವನ್ನು ಬಾಯಿಮಾತಿನಲ್ಲಿ ತಿಳಿಸಿದೊಡನೆ ಸ್ತ್ರೀಯು ಶರಣಾದಳೆಂದೇ ಭಾವಿಸತಕ್ಕದ್ದು. ಸಂದರ್ಭ ಅನಿವಾರ್ಯಗೊಳಿಸದ ಹೊರತು ಪುರುಷ ಅಧಿಕಾರಿ ಬಂಧನಕ್ಕಾಗಿ ಆಕೆಯ ಮೈಮುಟ್ಟುವಂತಿಲ್ಲ. ಮೂರು ಶತಮಾನಗಳ ಹಿಂದೆ ಮಾತಿನಿಂದ ಬಂಧನವಾಗದು ಎಂದಿದ್ದ ಕಾನೂನಿನ ಪರಂಪರೆ, ಭಾರತದಲ್ಲಿ ಸ್ತ್ರೀಯರ ಮಟ್ಟಿಗೆ ಮಾತೇ ಬಂಧನ ಎನ್ನುವಲ್ಲಿಗೆ ಬಂದು ನಿಂತಿತು.

ಕೈಕೋಳದ ವಿವಾದ

ಪುರುಷ ಕೈದಿಗಳ ವಿಷಯದಲ್ಲಿ ಮರ್ಯಾದೆಯ ಪ್ರಶ್ನೆ ಕೈಕೋಳದ ಸುತ್ತ ಕೇಂದ್ರೀಕೃತವಾಯಿತು. ಠಾಣೆಯಿಂದ ನ್ಯಾಯಾಲಯಕ್ಕೆ ಬೇಡಿ ತೊಡಿಸಿ, ಊರ ಬೀದಿಯಲ್ಲಿ ನಡೆಸಿಕೊಂಡು ಹೋಗುವುದೇ ತೀರ್ಪಿಗೆ ಮುಂಚಿನ ಶಿಕ್ಷೆಯಾಗಿತ್ತು. 1980ರ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದಿದ್ದ ಪಂಜಾಬ್ ಪೊಲೀಸ್ ನಿಯಮಗಳು ವಿಚಾರಣಾಧೀನ ಕೈದಿಗಳನ್ನು ಉತ್ತಮ ದರ್ಜೆಯವರು ಮತ್ತು ಸಾಮಾನ್ಯರು ಎಂದು ವಿಂಗಡಿಸಿದ್ದವು. ಅಂತಸ್ತುಳ್ಳವರಿಗೆ ಕೈಕೋಳದಿಂದ ವಿನಾಯಿತಿ ಇತ್ತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು ಈ ವಿಂಗಡಣೆಯನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ತಪ್ಪಿಸಿಕೊಳ್ಳುವ ಸ್ಪಷ್ಟ ಅಪಾಯವಿದ್ದಾಗ ಮಾತ್ರ, ಕಾರಣಗಳನ್ನು ದಾಖಲಿಸಿ ಕೈಕೋಳ ತೊಡಿಸಬಹುದೆಂದು ಹೇಳಿತು. ಬಡವನ ಮಣಿಕಟ್ಟಿಗೂ ಸಿರಿವಂತನ ಮಣಿಕಟ್ಟಿಗೂ ಒಂದೇ ಮಾನ ಎಂಬುದು ಅದರ ತಾತ್ಪರ್ಯ. 1816ರ ರೆಗ್ಯುಲೇಷನ್ನಿನ ಮರದ ಕೋಳದ ಹಿಂದಿದ್ದ ತರ್ಕವೇ ಈ ದರ್ಜೆಯ ನಿಯಮದಲ್ಲಿಯೂ ಜೀವಂತವಾಗಿತ್ತು. ಅದನ್ನು ಅಧಿಕೃತವಾಗಿ ನಿರಾಕರಿಸಲು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

1995ರಲ್ಲಿ ಅಸ್ಸಾಮಿನ ಪ್ರಕರಣವೊಂದರಲ್ಲಿ ಇದೇ ನ್ಯಾಯಾಲಯ, ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಕೈದಿಗೆ ಕೈಕೋಳ ತೊಡಿಸಬಾರದೆಂದು ಆದೇಶಿಸಿತು. 1996ರ ಡಿಸೆಂಬರಿನ ಡಿ.ಕೆ. ಬಸು ತೀರ್ಪು ಬಂಧನದ ಇಡೀ ಕ್ರಮಕ್ಕೆ ಹನ್ನೊಂದು ಸೂಚನೆಗಳನ್ನು ನೀಡಿತು. ಬಂಧಿಸುವವನು ಹೆಸರಿನ ಪಟ್ಟಿ ಧರಿಸಿರಬೇಕು. ಬಂಧನದ ಪತ್ರಕ್ಕೆ ಸಾಕ್ಷಿಯ ರುಜು ಇರಬೇಕು. ಬಂಧಿತನ ಕೋರಿಕೆಯಂತೆ ಮೈಮೇಲಿನ ಗಾಯಗಳನ್ನು ಆಗಲೇ ದಾಖಲಿಸಬೇಕು. ವಶದಲ್ಲಿರುವಾಗ ಪ್ರತಿ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ನಡೆಯಬೇಕು. ಮುಟ್ಟಿದ ಕೈಗೆ ಹೆಸರೂ ಮುಟ್ಟಿಸಿಕೊಂಡ ಮೈಗೆ ದಾಖಲೆಯೂ ಇರಬೇಕೆಂಬುದು ಇವುಗಳ ಉದ್ದೇಶ. ಇದಕ್ಕೆ ವ್ಯತಿರಿಕ್ತವಾಗಿ 2023ರ ಸಂಹಿತೆ, ರೂಢಿಗತ ಅಪರಾಧಿಗಳು, ವಶದಿಂದ ತಪ್ಪಿಸಿಕೊಂಡವರು ಹಾಗೂ ಭಯೋತ್ಪಾದನೆ, ಕೊಲೆ, ಅತ್ಯಾಚಾರ ಮುಂತಾದ ಅಪರಾಧಗಳ ಆರೋಪಿಗಳಿಗೆ ಕೈಕೋಳ ತೊಡಿಸಲು ಶಾಸನದಲ್ಲಿಯೇ ಅವಕಾಶ ಕಲ್ಪಿಸಿದೆ. 2022ರ ಗುರುತಿಸುವಿಕೆ ಕಾಯಿದೆಯು 1920ರ ಕಾಯಿದೆಯ ಸ್ಥಾನದಲ್ಲಿ ಬಂದು, ಬೆರಳಚ್ಚಿನ ಜೊತೆಗೆ ಕಣ್ಣಿನ ಪಾಪೆಯ ಚಿತ್ರ, ಜೈವಿಕ ಮಾದರಿಗಳನ್ನೂ ಸಂಗ್ರಹಿಸಲು ಅನುಮತಿ ನೀಡಿದೆ. ದೇಹದ ಮೇಲಿನ ಅಧಿಕಾರ ಒಂದೇ ದಿಕ್ಕಿನಲ್ಲಿ ಕುಗ್ಗುತ್ತ ಬಂದಿದೆ ಎಂಬ ಸರಳ ನಿರ್ಣಯಕ್ಕೆ ಇಲ್ಲಿ ಆಸ್ಪದವಿಲ್ಲ.

ಪರದೇಶದ ಬೀದಿಯಲ್ಲಿ

ಸ್ಪರ್ಶದ ಕಾನೂನು ಹುಟ್ಟಿದ ನಾಡುಗಳಲ್ಲಿಯೂ ಅದರ ಅರ್ಥ ಸ್ಥಿರವಾಗಿ ಉಳಿದಿಲ್ಲ. 1984ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ತೀರ್ಮಾನಿಸಿದ ಕಾಲಿನ್ಸ್ ಮತ್ತು ವಿಲ್‌ಕಾಕ್ ಪ್ರಕರಣದಲ್ಲಿ, ಮಾತನಾಡಲು ಒಪ್ಪದೆ ಹೊರಟ ಹೆಂಗಸೊಬ್ಬಳ ತೋಳನ್ನು ಮಹಿಳಾ ಪೊಲೀಸ್ ಹಿಡಿದಿದ್ದಳು. ಜನಸಂದಣಿಯಲ್ಲಿ ಮೈ ತಾಗುವುದು, ಗಮನ ಸೆಳೆಯಲು ಭುಜ ಮುಟ್ಟುವುದು ನಿತ್ಯಜೀವನದಲ್ಲಿ ಎಲ್ಲರೂ ಒಪ್ಪುವ ನಡೆ. ಆದರೆ ಬಂಧಿಸುವ ಉದ್ದೇಶವಿಲ್ಲದೆ ತೋಳು ಹಿಡಿದು ನಿಲ್ಲಿಸುವುದು ಕಾನೂನುಬಾಹಿರ ಎಂದು ನ್ಯಾಯಾಲಯ ಹೇಳಿತು. ಇಲ್ಲಿ ಅಳತೆಗೋಲಾದದ್ದು ಸಮಾಜದ ಸಾಮಾನ್ಯ ರೂಢಿ. ಒಂದು ಸಮಾಜದ ರೂಢಿ ಇನ್ನೊಂದರದಲ್ಲ. ಭಾರತದಲ್ಲಿ ಸ್ನೇಹಿತರಾದ ಇಬ್ಬರು ಗಂಡಸರು ಕೈ ಕೈ ಹಿಡಿದು ನಡೆಯುವುದು ಸಹಜ. ಅಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲುವುದು ವಿನಯ. ಕಾಲು ಮುಟ್ಟಿ ಬೇಡಿಕೊಳ್ಳುವುದು ಶರಣಾಗತಿ. ಅಮೆರಿಕದ ಪೊಲೀಸನಿಗೆ ಕೈಗಳು ತೆರೆದು ಕಾಣುತ್ತಿರಬೇಕು. ಅವನತ್ತ ಚಾಚಿದ ಕೈ, ಅವನ ಹಿಡಿತದಿಂದ ಹಿಂದೆ ಸರಿದ ಕೈ ಎರಡೂ ಅಪಾಯದ ಸೂಚನೆಗಳೆನಿಸುತ್ತವೆ. 1968ರ ಟೆರಿ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಸಕಾರಣವಾದ ಸಂಶಯವಿದ್ದರೆ ಬಂಧಿಸದೆಯೇ ವ್ಯಕ್ತಿಯ ಉಡುಪಿನ ಮೇಲೆ ಕೈಯಾಡಿಸಿ ಆಯುಧಕ್ಕಾಗಿ ತಡಕಲು ಅನುಮತಿ ನೀಡಿತು. ಹಾಗೆ ತಡಕುವುದು ವ್ಯಕ್ತಿಯ ಘನತೆಗೆ ಗಂಭೀರ ಧಕ್ಕೆಯೆಂಬುದನ್ನೂ ಒಪ್ಪಿಕೊಂಡಿತು.

ಈ ಅಂತರದ ದುಷ್ಪರಿಣಾಮವನ್ನು 2015ರ ಫೆಬ್ರವರಿಯಲ್ಲಿ ಅಲಬಾಮಾ ರಾಜ್ಯದ ಮ್ಯಾಡಿಸನ್ ನಗರದಲ್ಲಿ ನಡೆದ ಘಟನೆಯಲ್ಲಿ ಕಾಣಬಹುದು. ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57 ವರ್ಷದ ಭಾರತೀಯರೊಬ್ಬರು ಮಗನ ಮನೆಯ ಹತ್ತಿರದ ರಸ್ತೆಯಲ್ಲಿ ನಡೆದುಹೋಗುತ್ತಿದ್ದರು. ಅಪರಿಚಿತನೊಬ್ಬ ಸುಳಿದಾಡುತ್ತಿದ್ದಾನೆಂಬ ದೂರವಾಣಿ ಕರೆಯ ಮೇರೆಗೆ ಪೊಲೀಸರು ಅವರನ್ನು ತಡೆದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕೈಗಳನ್ನು ಹಿಡಿದು ಮೈ ತಡಕುತ್ತಿದ್ದ ಅಧಿಕಾರಿ ಅವರನ್ನು ನೆಲಕ್ಕೆ ಕೆಡವಿದನು; ಬೆನ್ನುಹುರಿಗೆ ತೀವ್ರ ಪೆಟ್ಟಾಗಿ ಅವರು ಭಾಗಶಃ ಪಾರ್ಶ್ವವಾಯುವಿಗೆ ತುತ್ತಾದರು. ಅವರು ಕೈ ಕಿತ್ತುಕೊಂಡರು, ಅದು ಪ್ರತಿರೋಧವಾಗಿತ್ತು ಎಂಬುದು ಅಧಿಕಾರಿಯ ಸಮರ್ಥನೆಯಾಗಿತ್ತು. ಎರಡು ಬಾರಿ ನಡೆದ ವಿಚಾರಣೆಯಲ್ಲಿ ಜ್ಯೂರಿಗಳು ಒಮ್ಮತಕ್ಕೆ ಬರಲಿಲ್ಲ. 2016ರ ಜನವರಿಯಲ್ಲಿ ನ್ಯಾಯಾಧೀಶರು ಅಧಿಕಾರಿಯನ್ನು ಖುಲಾಸೆಗೊಳಿಸಿದರು. ಭಾಷೆ ಇಲ್ಲದ ಕಡೆ ದೇಹವೇ ಮಾತನಾಡಬೇಕಾಗುತ್ತದೆ. ಆ ದೇಹದ ಮಾತು ಇನ್ನೊಬ್ಬನಿಗೆ ತಿಳಿಯದೆ ಹೋದಾಗ, ಅದರ ಬೆಲೆಯನ್ನು ತೆರುವವನು ಅಧಿಕಾರವಿಲ್ಲದವನು.

2021ರಲ್ಲಿ ಟಾರೆಸ್ ಮತ್ತು ಮ್ಯಾಡ್ರಿಡ್ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಮತ್ತೆ ಹಳೆಯ ಪ್ರಶ್ನೆಗೆ ಮರಳಿತು. ಪೊಲೀಸರ ಗುಂಡು ತಗುಲಿದರೂ ವಾಹನದಲ್ಲಿ ತಪ್ಪಿಸಿಕೊಂಡು ಹೋದ ಮಹಿಳೆಯನ್ನು ಕಾನೂನಿನ ದೃಷ್ಟಿಯಲ್ಲಿ ಹಿಡಿದಂತಾಯಿತೇ ಎಂಬುದು ವಿವಾದವಾಗಿತ್ತು. ರಟ್ಲೆಂಡ್ ಕೌಂಟೆಸ್ ಪ್ರಕರಣವನ್ನು ಉಲ್ಲೇಖಿಸಿದ ಬಹುಮತದ ತೀರ್ಪು, ತಡೆಯುವ ಉದ್ದೇಶದಿಂದ ದೇಹಕ್ಕೆ ತಾಗಿಸಿದ ಬಲ, ಅದು ಗುಂಡೇ ಆಗಿರಲಿ, ಹಿಡಿದಂತೆಯೇ ಎಂದು ತೀರ್ಮಾನಿಸಿತು. ಗಮನಿಸಬೇಕಾದ ಅಂಶವೆಂದರೆ, ಒಮ್ಮೆ ಅಧಿಕಾರವನ್ನು ಸ್ಥಾಪಿಸಲು ಬಳಕೆಯಾದ ಸ್ಪರ್ಶದ ತತ್ತ್ವ ಇಲ್ಲಿ ಅಧಿಕಾರವನ್ನು ಪ್ರಶ್ನಿಸುವ ಹಕ್ಕಿಗೆ ಆಧಾರವಾಯಿತು. ಹಿಡಿದಿದ್ದಾರೆ ಎಂದಾದರೆ ಮಾತ್ರ ಹಿಡಿದ ರೀತಿ ನ್ಯಾಯವೇ ಎಂದು ಕೇಳಲು ಸಾಧ್ಯ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಬಂಧನದ ಕಾನೂನು ಸ್ಪರ್ಶವನ್ನು ಎಲ್ಲರಿಗೂ ಸಮಾನವಾದ ವಿಧಿಯೆಂಬಂತೆ ಬರೆದಿದ್ದರೂ ಆಚರಣೆಯಲ್ಲಿ ಅದು ಎಂದೂ ಸಮಾನವಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಕುಲೀನರ ದೇಹ, ಮದರಾಸು ಪ್ರಾಂತದಲ್ಲಿ ಮೇಲುಜಾತಿಯವರ ದೇಹ, ಪಂಜಾಬಿನ ನಿಯಮಗಳಲ್ಲಿ ಉತ್ತಮ ದರ್ಜೆಯವರ ದೇಹ ಅಧಿಕಾರದ ಕೈಗೆ ಸುಲಭವಾಗಿ ಸಿಗದಂತೆ ಕಾಪಾಡಲ್ಪಟ್ಟವು. ಅಪರಾಧಿಗಳೆಂದು ಮುದ್ರೆಯೊತ್ತಿಸಿಕೊಂಡ ಸಮುದಾಯಗಳ ದೇಹಕ್ಕೆ ಯಾವ ರಕ್ಷಣೆಯೂ ಇರಲಿಲ್ಲ. ಆದ್ದರಿಂದ ಸಾಂಸ್ಕೃತಿಕ ಭಿನ್ನತೆ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕಾಗುತ್ತದೆ. ಸಂಸ್ಕೃತಿಯ ಹೆಸರಿನಲ್ಲಿ ಉಳಿದುಬಂದ ಕೆಲವು ಭೇದಗಳು ಅಂತಸ್ತನ್ನು ಕಾಯುವಂಥವು. ಅವುಗಳನ್ನು ಸಂವಿಧಾನ ನಿರಾಕರಿಸಿದೆ. ಇನ್ನು ಕೆಲವು, ಸ್ತ್ರೀಯರ ಬಂಧನದ ನಿಯಮಗಳಂತೆ, ಅಧಿಕಾರದ ಎದುರು ದುರ್ಬಲರಾದವರನ್ನು ಕಾಯುವಂಥವು. ಅವುಗಳನ್ನು ಕಾನೂನು ಉಳಿಸಿಕೊಂಡು ಬಲಪಡಿಸಿದೆ. ಯಾವ ಭೇದ ಯಾರನ್ನು ಕಾಯುತ್ತದೆ ಎಂಬುದೇ ಇವೆರಡನ್ನು ಬೇರ್ಪಡಿಸುವ ಒರೆಗಲ್ಲು.

ಪೊಲೀಸ್ ತರಬೇತಿಯಲ್ಲಿ ಕಾಯಿದೆಯ ಕಲಮುಗಳ ಜೊತೆಗೆ ಈ ಚರಿತ್ರೆಗೂ ಸ್ಥಾನ ದೊರೆಯುವುದು ಅಗತ್ಯ. ಕರ್ನಾಟಕದ ನಗರಗಳಿಗೆ ಈಶಾನ್ಯ ರಾಜ್ಯಗಳಿಂದ, ಬಿಹಾರ ಒಡಿಶಾಗಳಿಂದ, ಪರದೇಶಗಳಿಂದ ಬಂದು ನೆಲೆಸುವವರಿಗೆ ಇಲ್ಲಿನ ಠಾಣೆಯ ಭಾಷೆಯೂ ಠಾಣೆಯ ಸನ್ನೆಗಳೂ ಹೊಸವು. ಅಲಬಾಮಾದ ರಸ್ತೆಯಲ್ಲಿ ಗುಜರಾತಿನ ವೃದ್ಧರಿಗೆ ಒದಗಿದ ಸ್ಥಿತಿ ಇಲ್ಲಿನ ಯಾವುದಾದರೂ ಬೀದಿಯಲ್ಲಿ ಇನ್ನೊಬ್ಬರಿಗೆ ಒದಗಬಹುದು. 46ನೆಯ ಕಲಮಿನಲ್ಲಿಯೇ, ಈಗಿನ 43ನೆಯ ಕಲಮಿನಲ್ಲಿಯೂ, ಮುಟ್ಟದೆ ಬಂಧಿಸುವ ದಾರಿ ಎಲ್ಲರಿಗೂ ತೆರೆದಿದೆ: ಮಾತಿನಿಂದ ಅಥವಾ ನಡೆಯಿಂದ ಶರಣಾದವನನ್ನು ಮುಟ್ಟಬೇಕಾಗಿಲ್ಲ. ಆ ಮಾತು ಅವನಿಗೆ ತಿಳಿಯುವ ಭಾಷೆಯಲ್ಲಿ ತಲುಪುವಂತೆ ನೋಡಿಕೊಳ್ಳುವುದು ಕೈ ಹಿಡಿಯುವವನ ಮೊದಲ ಹೊಣೆ.